ಜೀವಂತ ವಿಳಾಸಗಳು

ಆ ಇಮೇಲ್ ಸಂಸ್ಥೆಯ ದೂರು ವಿಭಾಗಕ್ಕೆ ಬಂದ ಯಾವ ದೂರೂ ಇಂದಿನವರೆಗೆ ಕ್ರಮವಿಲ್ಲದೆ ಉಳಿದದ್ದಿಲ್ಲ. ಬೇಡದ ಜಾಹೀರಾತು ಬರುತ್ತಿದೆ ಎಂದು ಯಾರಾದರೂ ಬರೆದರೆ, ಆ ದೂರನ್ನು ದೂರುದಾರರ ವಿಳಾಸದ ಸಮೇತ ಜಾಹೀರಾತು ಕಳಿಸಿದವನಿಗೇ ಅಭಿಪ್ರಾಯಕ್ಕಾಗಿ ರವಾನಿಸಬೇಕು. ಆಪಾದಿತನ ಮಾತನ್ನೂ ಕೇಳಬೇಕಲ್ಲ! ದೂರು ಗುಮಾಸ್ತ ಕೆಲಸಕ್ಕೆ ಸೇರಿದಂದಿನಿಂದ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದ.

ಕಳಿಸುವವನು ಒಬ್ಬನೇ, ವಿಳಾಸಪಟ್ಟಿಗಳ ವ್ಯಾಪಾರಿ. ಕಚೇರಿಯವರ ಬಾಯಲ್ಲಿ ಅವನು 'ಪಟ್ಟಿ ಸಾಹುಕಾರ'. ಎಲ್ಲರ ಸಂಬಳ, ಮ್ಯಾನೇಜರರ ಕೋಣೆಯ ಏಸಿ, ಎರಡೂ ಅವನು ಕಟ್ಟುವ ಶುಲ್ಕದಲ್ಲೇ ನಡೆಯುತ್ತಿದ್ದವು. ದೂರು ತಲುಪಿದ ಕೂಡಲೇ ಅವನು ವಿನಯದಿಂದ 'ಪರಿಶೀಲಿಸಲಾಗಿದೆ' ಎಂದು ಉತ್ತರಿಸುತ್ತಿದ್ದ. ಪರಿಶೀಲಿಸಿದ್ದು ನಿಜವೇ. ದೂರು ಬರೆದವರು ಬದುಕಿದ್ದಾರೆ, ಬಂದದ್ದನ್ನು ಓದುತ್ತಾರೆ ಎಂಬುದು ಖಾತ್ರಿಯಾದ್ದರಿಂದ ಅವರು 'ಜೀವಂತ ವಿಳಾಸ'ಗಳ ಪಟ್ಟಿಗೆ ಬಡ್ತಿ ಪಡೆದು ದುಪ್ಪಟ್ಟು ಬೆಲೆಗೆ ಮಾರಾಟವಾಗುತ್ತಿದ್ದರು.

ಗುಮಾಸ್ತನ ತಾಯಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ದಿನಾಂಕವನ್ನು ಇದೇ ಸಂಸ್ಥೆಯಲ್ಲಿದ್ದ ಆಕೆಯ ಇಮೇಲಿಗೇ ಕಳಿಸುತ್ತೇವೆಂದು ಆಸ್ಪತ್ರೆಯವರು ಹೇಳಿದ್ದರು. ಸಂಜೆಯಾದರೆ ಆಕೆ ಭೂತಗನ್ನಡಿ ಹಿಡಿದು ಮಗನ ಪಕ್ಕ ಕೂರುತ್ತಿದ್ದಳು.

"ಬಂತೇನೋ?"

"ಬೋಳುತಲೆಗೆ ಎಣ್ಣೆ ಬಂದಿದೆ ಅಮ್ಮ. ಲಾಟರಿನೂ ಬಂದಿದೆ. ಆಸ್ಪತ್ರೆಯದು ಬಂದಿಲ್ಲ."

"ನನ್ನ ಕಣ್ಣು ಪೂರ್ತಿ ಹೋದ್ಮೇಲೆ ಬರುತ್ತೋ ಏನೋ."

ಗುಮಾಸ್ತ ಆಗಲೇ ಕೀಲಿಮಣೆ ಎಳೆದುಕೊಂಡ. ಅಮ್ಮನ ಹೆಸರಿನಲ್ಲಿ ತಾನೇ ಒಂದು ದೂರು ಬರೆದ. ಮರುದಿನ ಕಚೇರಿಯಲ್ಲಿ ತಾನೇ ಅದನ್ನು ಸ್ವೀಕರಿಸಿ, ನಿಯಮದಂತೆ ಸಾಹುಕಾರನಿಗೆ ರವಾನಿಸಿದ. ಹೆತ್ತ ತಾಯಿಯೆಂದು ನಿಯಮ ಮುರಿಯುವ ಜಾಯಮಾನ ಅವನದಲ್ಲ.

ವಾರ ಕಳೆಯುವುದರೊಳಗೆ ತಾಯಿಯ ಇನ್‌ಬಾಕ್ಸ್ ತುಂಬಿ ತುಳುಕಿತು. ಅಳಿಸಿದಷ್ಟೂ ಬಂದವು. ಗುಮಾಸ್ತ ಆಸ್ಪತ್ರೆಗೆ ಫೋನ್ ಮಾಡಿದ.

"ಕಳಿಸಿದ್ವಿ ಸಾರ್, ಜಾಗ ಇಲ್ಲ ಅಂತ ವಾಪಸ್ ಬಂತು. ನಾಳೆಯೊಳಗೆ ತಲುಪದಿದ್ರೆ ದಿನಾಂಕ ಬೇರೆಯವರಿಗೆ."

"ಈಗಲೇ ಬಾಯಲ್ಲಿ ಹೇಳಿಬಿಡಿ."

"ಬಾಯಲ್ಲಿ ಹೇಳೋದಕ್ಕೆ ಅವಕಾಶ ಇಲ್ಲ."

ಗುಮಾಸ್ತ ಓಡಿ ಹೋಗಿ ಮ್ಯಾನೇಜರರ ಮುಂದೆ ನಿಂತ. ಅವರು ಸಮಾಧಾನವಾಗಿ ಹೇಳಿದರು: "ಜಾಗ ಇಲ್ಲದಿದ್ರೂ ಸಾಹುಕಾರರದು ಮಾತ್ರ ಒಳಗೆ ಹೋಗುತ್ತೆ. ಅವರಿಗೆ ಅಂತಲೇ ನಾವು ಹಿತ್ತಲ ಬಾಗಿಲು ಇಟ್ಟಿದ್ದೀವಲ್ಲ. ಅವರನ್ನೇ ಕೇಳಿ."

ಗುಮಾಸ್ತ ಹೋಗಿ ಹೇಳಿಕೊಂಡದ್ದನ್ನು ಕೇಳಿ ಸಾಹುಕಾರ ಕಣ್ಣೊರೆಸಿಕೊಂಡ. "ತಾಯಿ ಅಂದ್ರೆ ದೇವರಪ್ಪಾ. ಆ ಪತ್ರ ಒಳಗೆ ಸೇರಿಸೋಕೆ ನಿನಗೆ ಅರ್ಧ ಬೆಲೆ."

ಗುಮಾಸ್ತ ದುಡ್ಡು ಕಟ್ಟಿದ. ಆಸ್ಪತ್ರೆಯವರು ಸಾಹುಕಾರನ ಹಳೇ ಗಿರಾಕಿಗಳೇ ಆದ್ದರಿಂದ ಪತ್ರವನ್ನು ಅವನ ಕೈಗೆ ಒಪ್ಪಿಸಲು ತಕರಾರು ಮಾಡಲಿಲ್ಲ. ಮರುದಿನ ಬೆಳಿಗ್ಗೆ ಬೋಳುತಲೆಯ ಎಣ್ಣೆಗೂ ಸುಲಭ ಸಾಲಕ್ಕೂ ನಡುವೆ ಆಸ್ಪತ್ರೆಯ ದಿನಾಂಕ ಬಂದು ಕೂತಿತ್ತು. ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿಯಿತು.

ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಮೇಲೆ ತಾಯಿ ಮೊದಲು ಮಾಡಿದ ಕೆಲಸವೆಂದರೆ ಸಾಹುಕಾರನಿಗೆ ತಾನೇ ಅಕ್ಷರ ಕೂಡಿಸಿ ಧನ್ಯವಾದ ಬರೆದದ್ದು. "ಆ ಪುಣ್ಯಾತ್ಮ ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ!" ಎಂದಳು. ಗುಮಾಸ್ತನೂ ಹೌದೆಂದ.

'ಪರಿಶೀಲಿಸಲಾಗಿದೆ' ಎಂದು ಉತ್ತರ ಬಂತು. ಅಂದೇ ಸಾಹುಕಾರ 'ಕೃತಜ್ಞ ವಿಳಾಸ'ಗಳ ಹೊಸ ಪಟ್ಟಿ ತೆರೆದ. ಅದರಲ್ಲಿ ಮೊದಲ ಹೆಸರು ತಾಯಿಯದು, ಬೆಲೆ ನಾಲ್ಕು ಪಟ್ಟು. ಸಂಸ್ಥೆಯೂ ಸುತ್ತೋಲೆ ಹೊರಡಿಸಿತು: ಇನ್ನು ಮುಂದೆ ಪ್ರತಿ ದೂರಿನ ಜೊತೆ ಒಂದು ಧನ್ಯವಾದ ಪತ್ರ ಲಗತ್ತಿಸತಕ್ಕದ್ದು.

ತಾಯಿ ಈಗ ಬೆಳಗಿನಿಂದ ಸಂಜೆಯವರೆಗೆ ಬಂದ ಜಾಹೀರಾತುಗಳನ್ನೆಲ್ಲ ಓದುತ್ತಾಳೆ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಾಣುತ್ತದೆ.