ಕತ್ತಿಯ ಕೆಳಗಿನ ಹ್ಞೂಂ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ. ನಮ್ಮ ರೇಡಿಯೋಗೆ ಹಲ್ಲೂ ಇತ್ತು, ಕಡಲೆಯೂ ಇತ್ತು. ಎರಡನ್ನೂ ಎಡದವಡೆಯಲ್ಲಿ ಭೇಟಿ ಮಾಡಿಸುವ ಧೈರ್ಯ ಮಾತ್ರ ಇರಲಿಲ್ಲ.

ರೇಡಿಯೋ ಎಂದರೆ ಯಂತ್ರವಲ್ಲ, ಮನುಷ್ಯ. ಬೀದಿಯ ತಿರುವಿನಲ್ಲಿ ಒಂದೇ ಕುರ್ಚಿಯ ಕ್ಷೌರದ ಅಂಗಡಿ ಇಟ್ಟಿದ್ದ ನಮ್ಮ ಗೆಳೆಯ. ಬೆಳಿಗ್ಗೆ ಬಾಗಿಲು ತೆರೆದಾಗ ಶುರುವಾದ ಮಾತು ಸಂಜೆ ಕೂದಲು ಗುಡಿಸುವಾಗಲೂ ನಡೆದೇ ಇರುತ್ತಿತ್ತು. ಅವನು ಹೋದ ಮೇಲೆ ಆ ತಿರುವಿನಲ್ಲಿ ಸೈಕಲ್ ಬೆಲ್ಲಿನ ಸದ್ದು ಕೇಳಿಸತೊಡಗಿದೆ. ಸೈಕಲ್ಲುಗಳಿಗೆ ಬೆಲ್ಲಿದೆಯೆಂದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ. ಈ ಕಥೆಯನ್ನು ಅವನೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಹೇಳುತ್ತಲೂ ಇದ್ದ, ಪ್ರತಿ ಸಲ ತನ್ನನ್ನು ಇನ್ನಷ್ಟು ಧೈರ್ಯಶಾಲಿಯಾಗಿ ಮಾಡಿಕೊಂಡು. ಇಲ್ಲಿರುವುದು ಅವನ ಹೆಂಡತಿ ತಿದ್ದಿಕೊಟ್ಟ ಪಾಠ.

ಅಂಗಡಿಯಲ್ಲಿ ಅವನದೇ ಒಂದು ಕಾನೂನಿತ್ತು. ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿ, ಕೆನ್ನೆಯ ತುಂಬ ನೊರೆ ಬಳಿದು, ತಲೆಯನ್ನು ಹಿಂದಕ್ಕೆ ಒರಗಿಸಿ, ಕತ್ತಿ ಗಂಟಲ ಮೇಲೆ ಬಂದ ಕೂಡಲೇ ವ್ಯವಹಾರದ ಮಾತು ತೆಗೆಯುತ್ತಿದ್ದ. ಅಂಥ ಹೊತ್ತಿನಲ್ಲಿ ಯಾರು ತಾನೆ ತಲೆ ಅಲ್ಲಾಡಿಸುತ್ತಾರೆ? ಮೂಗಿನಿಂದ ಒಂದು 'ಹ್ಞೂಂ' ಹೊರಡುತ್ತಿತ್ತು. ರೇಡಿಯೋ ಶಾಸ್ತ್ರದಲ್ಲಿ ಅದಕ್ಕೆ ಒಂದೇ ಅರ್ಥ: ಒಪ್ಪಿಗೆ. ಮಳಿಗೆಯ ಮಾಲೀಕರು ಗೋಡೆಗೆ ಸುಣ್ಣ ಹೊಡೆಸಿಕೊಟ್ಟದ್ದು ಹಾಗೆ. ಕುಂಟುತ್ತಿದ್ದ ಬೆಂಚಿಗೆ ಬಡಗಿ ಹೊಸ ಕಾಲು ಕೂಡಿಸಿದ್ದು ಹಾಗೆ. ಪಕ್ಕದ ಮನೆಯ ಮೇಷ್ಟ್ರು ಅವನ ಮಗಳಿಗೆ ಗಣಿತ ಹೇಳಿಕೊಡಲು ಒಪ್ಪಿ, ಮನೆಗೆ ಹೋಗಿ ತಲೆಯ ಮೇಲೆ ಕೈಹೊತ್ತು ಕೂತದ್ದೂ ಹಾಗೆಯೇ.

"ಒಂದ್ಸಲ ಹ್ಞೂಂ ಅಂದ್ಮೇಲೆ ಮುಗೀತು. ಆಡಿದ ಮಾತು, ಒಡೆದ ಮುತ್ತು," ಎನ್ನುತ್ತಿದ್ದ ರೇಡಿಯೋ, ಕತ್ತಿ ಒರೆಸುತ್ತ.

ಇಂಥ ಧೀರನ ಎಡದವಡೆಯ ಒಂದು ಹಲ್ಲು ಹುಳುಕಾಗಿತ್ತು. ತಣ್ಣೀರು ತಾಗಿದರೆ ಕಿವಿಯವರೆಗೆ ಮಿಂಚು ಹರಿಯುತ್ತಿತ್ತು. ದಿನವೆಲ್ಲ ಊರವರ ಗಂಟಲ ಮೇಲೆ ಕತ್ತಿಯಾಡಿಸುವ ಈ ಮಹಾಶಯನಿಗೆ ತನ್ನ ಬಾಯೊಳಗೆ ಇನ್ನೊಬ್ಬರ ಕೈ ಹೋಗುವುದನ್ನು ನೆನೆಯಲೂ ಧೈರ್ಯವಿರಲಿಲ್ಲ. ಹಾಗಾಗಿ ಊಟವನ್ನು ಪೂರ್ತಿಯಾಗಿ ಬಲದವಡೆಗೆ ವರ್ಗಾಯಿಸಿ, ಎಡದವಡೆಗೆ ಲವಂಗದ ಪಹರೆ ಹಾಕಿದ್ದ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಇಡೀ ಸಂಸಾರ ನಡೆಸುತ್ತಿದ್ದಳು. (ಸೂಜಿ ಕಚ್ಚಿಕೊಂಡು ಅವಳು ಹೇಳುವ 'ಹ್ಞೂಂ'ಗೆ 'ಇಲ್ಲ' ಎಂದು ಅರ್ಥ. ಇದನ್ನು ರೇಡಿಯೋ ಮದುವೆಯಾದ ಹೊಸದರಲ್ಲೇ ಕಲಿತಿದ್ದ.) ಅವಳು ಸೂಜಿಗಳನ್ನು ಬಾಯಿಂದ ತೆಗೆದು ಡಬ್ಬಕ್ಕೆ ಹಾಕಿದಳೆಂದರೆ ವಿಷಯ ಗಂಭೀರ ಎಂದು ತಿಳಿಯಬೇಕು. ಒಂದು ಸಂಜೆ ತೆಗೆದಳು.

"ರೀ, ಲವಂಗ ಎಲ್ಲಾ ಖಾಲಿ. ನಾನು ಅಡುಗೆಗೆ ಹಾಕಿಲ್ಲ."

"ಇಲಿ ತಿಂದಿರ್ಬೇಕು ಕಣೇ."

"ಇಲಿಗೆ ಹಲ್ಲುನೋವಾ?"

ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಅಮ್ಮಾ, ಅಪ್ಪ ಪಕ್ಕದಲ್ಲಿ ಕೂತ್ರೆ ಅಡುಗೆಮನೆ ಪಕ್ಕದಲ್ಲಿ ಕೂತಂಗಿರುತ್ತೆ."

"ನೀನು ಸುಮ್ನೆ ಲೆಕ್ಕ ಮಾಡೇ."

"ನಾಳೆ ಸಂಜೆ ಮೂರು ಜನಾನೂ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತಿದ್ದೀವಿ," ಎಂದಳು ಹೆಂಡತಿ. "ಬರ್ತೀವಿ ಅಂತ ಹೇಳಿಯೂ ಆಗಿದೆ."

"ನಂಗೇನಾಗಿದೆ? ಕಬ್ಬಿಣದ ಕಡಲೆ ಕೊಡು, ಅಗಿದು ತೋರಿಸ್ತೀನಿ."

"ಕಬ್ಬಿಣದ್ದು ಯಾಕೆ, ಈ ಬಿಸ್ಕತ್ತು ಸಾಕು. ಎಡಗಡೆಯಿಂದ ಅಗೀರಿ ನೋಡೋಣ."

ರೇಡಿಯೋ ಬಿಸ್ಕತ್ತನ್ನು ನೋಡಿದ. ಬಿಸ್ಕತ್ತು ರೇಡಿಯೋನನ್ನು ನೋಡಿತು.

"ಹಸಿವಿಲ್ಲ," ಎಂದ.

ಹಾಸಿಗೆಗೆ ಹೋದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಹಲ್ಲಿನ ಡಾಕ್ಟರು ಯಾರು? ಅಂಗಡಿಯಿಂದ ಎರಡು ಬಾಗಿಲಾಚೆ ಆಸ್ಪತ್ರೆ ಇಟ್ಟವರು. ಗಡ್ಡ ಮಾಡಿಸಿಕೊಳ್ಳುವುದು ಎಲ್ಲಿ? ಇದೇ ಕುರ್ಚಿಯಲ್ಲಿ. ನಾಳೆ ಬೆಳಿಗ್ಗೆ ಬರುವ ಸರದಿ ಯಾರದು? ಅವರದೇ. ಊರಿಗೇ ಅನ್ವಯವಾಗುವ ಕಾನೂನು ಡಾಕ್ಟರಿಗೆ ಆಗದೇ ಇರುತ್ತದೆಯೇ? ಎಡಗೆನ್ನೆಯ ಕೆಳಗೆ ಕೈಯಿಟ್ಟುಕೊಂಡು ಸುಖವಾಗಿ ನಿದ್ದೆಹೋದ.

ಬೆಳಿಗ್ಗೆ ಡಾಕ್ಟರು ಬಂದು ಕೂತರು. ನೊರೆಯಾಯಿತು. ತಲೆ ಹಿಂದಕ್ಕೆ ಹೋಯಿತು. ಕತ್ತಿ ದವಡೆಯ ಕೆಳಗಿನ ತಿರುವಿಗೆ ಬಂದು ನಿಂತಿತು.

"ಡಾಕ್ಟ್ರೇ, ಸಂಜೆ ನಮ್ಮನೆಯವಳು ಎಲ್ರನ್ನೂ ಕರ್ಕೊಂಡು ಬರ್ತಾಳೆ. ಅವಳ ಹಲ್ಲು ನೋಡಿ, ಮಗಳದ್ದು ನೋಡಿ, ಎಷ್ಟು ಹೊತ್ತು ಬೇಕಾದ್ರೂ ನೋಡಿ. ನನ್ನ ಬಾಯಿಗೆ ಮಾತ್ರ ಹಂಗೇ ಸ್ವಲ್ಪ ಲೈಟು ಬಿಟ್ಟು, 'ಮುತ್ತಿನಂಥ ಹಲ್ಲು' ಅಂತ ಒಂದು ಮಾತು ಹೇಳ್ಬಿಡಿ. ಆಯ್ತಲ್ಲ?"

ಡಾಕ್ಟರ ಕಣ್ಣು ಚಾವಣಿಯ ಮೇಲಿತ್ತು. "ಹ್ಞೂಂ," ಎಂದರು.

"ದೊಡ್ಡ ಮನುಷ್ಯರು ನೀವು," ಎಂದು ರೇಡಿಯೋ ಆ ದಿನ ಅವರ ಕೆನ್ನೆಗೆ ಎರಡು ಸಲ ಪೌಡರ್ ಹಾಕಿದ.

ಸಂಜೆ ಆಸ್ಪತ್ರೆಗೆ ಅವನು ಮದುವೆಮನೆಗೆ ಹೊರಟವನಂತೆ ಹೊರಟ. ಮೊದಲು ಮಗಳು ಕೂತಳು. ಅವಳು ಹಲ್ಲುಜ್ಜುವುದು ನೆಲ ತಿಕ್ಕಿದ ಹಾಗಿದೆ, ಒಸಡಿನ ಅಂಚಿನಲ್ಲಿ ಮೆಲ್ಲಗೆ ಆಡಿಸಬೇಕು ಎಂದು ಡಾಕ್ಟರು ಬೊಂಬೆಯ ಹಲ್ಲಿನ ಮೇಲೆ ಬ್ರಷ್ ಆಡಿಸಿ ತೋರಿಸಿದರು. ಆಮೇಲೆ ಹೆಂಡತಿ. ದಾರ ಕಡಿದು ಕಡಿದು ಅವಳ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು.

"ಮನೇಲಿ ಕತ್ತರಿ ಇಲ್ವೇನಮ್ಮ?"

"ನಾನು ಹೇಳ್ತಾನೇ ಇರ್ತೀನಿ ಡಾಕ್ಟ್ರೇ," ಎಂದು ರೇಡಿಯೋ ಬಾಯಿ ಹಾಕಿದ. "ನನ್ನ ಮಾತು ಎಲ್ಲಿ ಕೇಳ್ತಾಳೆ? ಹಲ್ಲು ಅಂದ್ರೆ ಒಂದು ಶಿಸ್ತು ಇರ್ಬೇಕು."

ಶಿಸ್ತಿನ ಮೂರ್ತಿ ತಾನೇ ಹೋಗಿ ಕುರ್ಚಿಯಲ್ಲಿ ಕೂತ. ಕುರ್ಚಿ ಹಿಂದಕ್ಕೆ ಬಾಗಿತು. ಕೊರಳಿಗೆ ಬಟ್ಟೆ ಬಂತು. (ಈ ಕ್ರಮ ಎಲ್ಲೋ ಪರಿಚಿತವಾದದ್ದು ಎಂದು ಅವನಿಗೆ ಹೊಳೆಯಬೇಕಿತ್ತು.) ಕೆನ್ನೆಯ ಎರಡೂ ಬದಿಗೆ ಹತ್ತಿಯ ಉರುಳೆ ಹೋಯಿತು, ನಾಲಿಗೆಯ ಪಕ್ಕಕ್ಕೆ ಎಂಜಲು ಹೀರುವ ಕೊಳವೆ ಬಂತು. ಡಾಕ್ಟರು ಪುಟ್ಟ ಕನ್ನಡಿ ಹಿಡಿದು, ಸಲಾಕೆಯಿಂದ ಎಡದವಡೆಯ ಹಲ್ಲನ್ನು ಒಂದು ಸಲ ತಟ್ಟಿದರು. ರೇಡಿಯೋ ಕುರ್ಚಿಯಿಂದ ಗೇಣುದ್ದ ಮೇಲೆದ್ದು ಮತ್ತೆ ಕೂತ.

"ಮುತ್ತಿನಂಥ ಹಲ್ಲು," ಎಂದರು ಡಾಕ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅಂತ ಹೇಳ್ಬೇಕು ಅಂತ ಬೆಳಿಗ್ಗೆ ಕೇಳ್ಕೊಂಡಿದ್ರು. ಹೇಳ್ದೆ. ನನ್ನ ಮಾತು ಉಳಿಸ್ಕೊಂಡೆ. ಈಗ ನಿಜವಾದ ವಿಷಯ. ಹುಳುಕು ಬೇರಿನ ತನಕ ಇಳಿದಿದೆ. ಒಳಗೆ ಶುದ್ಧ ಮಾಡಿ, ತುಂಬಿ, ಮೇಲೊಂದು ಟೋಪಿ ಹಾಕಿದ್ರೆ ಹಲ್ಲು ಉಳಿಯುತ್ತೆ. ಇನ್ನೂ ತಡ ಮಾಡಿದ್ರೆ ಕೀಳೋದೇ ಗತಿ." ಮತ್ತೆ ರೋಗಿಯ ಕಡೆ ಬಾಗಿದರು. "ನೋವು ಗೊತ್ತಾಗ್ದೇ ಇರೋ ಹಾಗೆ ಇಂಜೆಕ್ಷನ್ ಕೊಡ್ಲಾ?"

ಬೇಡ, ಖಂಡಿತ ಬೇಡ, ಮುಂದಿನ ವರ್ಷ ನೋಡೋಣ, ನೀವು ಇನ್ನು ನನ್ನ ಅಂಗಡಿಗೆ ಕಾಲಿಡಬೇಡಿ ಎಂದೆಲ್ಲ ರೇಡಿಯೋ ಹೇಳಹೊರಟ. ಬಾಯಿಯ ದಾರಿ ಮುಚ್ಚಿದ್ದರಿಂದ ಅಷ್ಟೂ ಮಾತು ಒಟ್ಟಾಗಿ ಮೂಗಿನಿಂದ ಬಂತು:

"ಹ್ಞೂಂ."

"ಹ್ಞೂಂ ಅಂದ್ರು," ಎಂದರು ಡಾಕ್ಟರು.

"ನಾನೂ ಕೇಳಿಸ್ಕೊಂಡೆ," ಎಂದಳು ಹೆಂಡತಿ.

ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಷ್ಟು. ತುಸು ಹೊತ್ತಿಗೆ ತುಟಿ ದಿಂಬಿನಂತಾಯಿತು. ಆಗ ಡಾಕ್ಟರು ಹತ್ತಿಯನ್ನೂ ಕೊಳವೆಯನ್ನೂ ಹೊರಗೆ ತೆಗೆದರು.

"ತಮಾಷೆ ಸಾಕು. ಈಗ ನಿಮ್ಮ ಬಾಯಿ ಖಾಲಿ ಇದೆ, ನನ್ನ ಕೈಲೂ ಏನಿಲ್ಲ. ಬೇಡ ಅಂದ್ರೆ ಎದ್ದು ಹೋಗ್ಬಹುದು. ಹೇಳಿ, ಶುರು ಮಾಡ್ಲಾ?"

ಬಾಗಿಲು ತೆರೆದಿತ್ತು. ಚಪ್ಪಲಿ ಕಾಣಿಸುತ್ತಿತ್ತು. ರೇಡಿಯೋ ನಾಲಿಗೆಯಿಂದ ಎಡದವಡೆಯನ್ನು ಮೆಲ್ಲಗೆ ತಡವಿ ನೋಡಿದ. ಎಷ್ಟೋ ತಿಂಗಳಿಂದ ಅಲ್ಲಿ ಸಂಸಾರ ಹೂಡಿದ್ದ ನೋವು ಬೀಗ ಹಾಕಿಕೊಂಡು ಹೊರಟುಹೋಗಿತ್ತು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಖಾಲಿ ಬಾಯಿ ಸಿಕ್ಕಿಯೂ ಅವನು ಒಂದೇ ಅಕ್ಷರದಲ್ಲಿ ಮಾತು ಮುಗಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

"ಹ್ಞೂಂ."

ಕಥೆ ಇಲ್ಲಿಗೆ ಮುಗಿದಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಹತ್ತಿ ಮತ್ತೆ ಒಳಗೆ ಹೋಗಿ, ಯಂತ್ರ ಗುಂಯ್ ಎನ್ನತೊಡಗಿದಾಗ ಹೆಂಡತಿ ಸ್ಟೂಲು ಎಳೆದುಕೊಂಡು ಹತ್ತಿರ ಬಂದಳು.

"ಡಾಕ್ಟ್ರೇ, ನಾನೂ ಒಂದೆರಡು ಮಾತು ಕೇಳ್ಬಹುದಾ?"

"ಧಾರಾಳವಾಗಿ ಕೇಳಿ. ಅವರು ಬಾಯಿ ಮುಚ್ಚದಿದ್ರೆ ಸಾಕು."

"ರೀ, ಇನ್ಮೇಲೆ ರಾತ್ರಿ ಮಲಗೋಕೆ ಮುಂಚೆನೂ ಹಲ್ಲುಜ್ತೀರಾ?"

"ಹ್ಞೂಂ."

"ಅಂಗಡೀಲಿ ಮಕ್ಕಳಿಗೆ ಅಂತ ಇಟ್ಟಿರೋ ಪೆಪ್ಪರಮೆಂಟ್ ಡಬ್ಬ ತಂದು ನನ್ನ ಕೈಗೆ ಕೊಡ್ತೀರಾ?" (ಮಕ್ಕಳಿಗೆ ಸಿಗುತ್ತಿದ್ದದ್ದು ಡಬ್ಬದ ದರ್ಶನ ಮಾತ್ರ.)

"ಹ್ಞೂಂ."

"ರಜಕ್ಕೆ ನನ್ನ ತಂಗಿ ಸಂಸಾರ ಬಂದು ಒಂದು ತಿಂಗಳಿದ್ರೆ ಮುಖ ಗಂಟು ಹಾಕ್ಕೊಳ್ಳಲ್ಲ ತಾನೆ?"

ರೇಡಿಯೋನ ಕಣ್ಣು ಅಗಲವಾಯಿತು. ಎರಡೂ ಪಾದ ಮೇಲೆದ್ದವು. "ಹ್ಞೂಂಂಂಂ."

"ಇದು ಸ್ವಲ್ಪ ಉದ್ದ ಬಂತು," ಎಂದರು ಡಾಕ್ಟರು.

"ತುಂಬುಮನಸ್ಸಿಂದ ಅಂದಿದ್ದು," ಎಂದಳು ಹೆಂಡತಿ.

ಮಗಳೂ ಓಡಿಬಂದಳು. "ಅಪ್ಪಾ, ಗಣಿತದ ಪಾಠ ಬಿಟ್ಬಿಡ್ಲಾ?"

"ಹ್ಞೂಂ," ಎಂದಳು ತಾಯಿ. ಬಾಯಲ್ಲಿ ಸೂಜಿ ಇರದಿದ್ದರೂ ಮಗಳಿಗೆ ಅರ್ಥವಾಯಿತು.

ಮನೆಗೆ ಬಂದ ಮೇಲೂ ಬಹಳ ಹೊತ್ತು ರೇಡಿಯೋ ಅರ್ಧ ಮುಖದಲ್ಲಿ ಮಾತ್ರ ಮನೆಯಲ್ಲಿದ್ದ. ತುಟಿಗೆ ಜೀವ ಬಂದ ಕೂಡಲೇ ಆಡಿದ ಮೊದಲ ಮಾತು ಇದು:

"ನೋಡೇ, ಆ ಹ್ಞೂಂಗಳು ಲೆಕ್ಕಕ್ಕಿಲ್ಲ. ಬಾಯಿ ತುಂಬ ಹತ್ತಿ ಇತ್ತು. ಬೇಡ ಅನ್ನೋಕೆ ಎಲ್ಲಿ ಆಗುತ್ತೆ?"

"ಹಂಗಂತೀರಾ? ಸರಿ ಬಿಡಿ," ಎಂದಳು ಅವಳು, ದಾರವನ್ನು ಹಲ್ಲಿನ ಹತ್ತಿರ ಒಯ್ದು, ನೆನಪಾಗಿ, ಕತ್ತರಿ ಹುಡುಕುತ್ತ. "ನಾಳೆ ಮಾಲೀಕರ ಮನೆಗೆ ಹೋಗಿ, ನಿಮ್ಮ ಹ್ಞೂಂ ಲೆಕ್ಕಕ್ಕಿಲ್ಲವಂತೆ, ಗೋಡೆಯ ಸುಣ್ಣ ಕೆರ್ಕೊಂಡು ಹೋಗಿ ಅಂತ ಹೇಳ್ಬರ್ತೀನಿ. ಬಡಗಿ ಬಂದು ಬೆಂಚಿನ ಕಾಲು ಬಿಚ್ಕೊಂಡು ಹೋಗ್ಲಿ."

"ಮೇಷ್ಟ್ರಿಗೂ ಹೇಳೋಣಮ್ಮ," ಎಂದಳು ಮಗಳು ಆಸೆಯಿಂದ.

ರೇಡಿಯೋ ಬ್ರಷ್ ತೆಗೆದುಕೊಂಡು ಬಚ್ಚಲಿಗೆ ಹೋದ.

ಪೆಪ್ಪರಮೆಂಟ್ ಡಬ್ಬ ಹೊಲಿಗೆ ಯಂತ್ರದ ಕೆಳಗೆ ಬಂದು ಕೂತಿತು. ರಜಕ್ಕೆ ತಂಗಿಯ ಸಂಸಾರವೂ ಬಂತು. ಅವಳ ಗಂಡ ರೇಡಿಯೋಗಿಂತ ಹೆಚ್ಚು ಮಾತುಗಾರ ಎಂದು ತಿಳಿದು ಬೀದಿಯೇ ಬೆರಗಾಯಿತು. ಇನ್ನೆರಡು ಸಲ ಹೋಗಿ ಹಲ್ಲಿಗೆ ಟೋಪಿಯೂ ಆಯಿತು. (ಹೇಳಿ, ಕೇಳಿ, ಕನ್ನಡಿಯಲ್ಲಿ ತೋರಿಸಿ ಟೋಪಿ ಹಾಕಿದವರನ್ನು ನಾವು ಕಂಡದ್ದು ಆ ಡಾಕ್ಟರೊಬ್ಬರನ್ನೇ.) ಆ ಹಲ್ಲು ಕೊನೆಯವರೆಗೂ ಅಲ್ಲಾಡಲಿಲ್ಲ. ಅದರ ಯಜಮಾನನೇ ಮೊದಲು ಹೊರಟ.

ಆದರೆ ಅಂಗಡಿಯ ಕಾನೂನು ಆ ವಾರವೇ ಬದಲಾಗಿತ್ತು. ವ್ಯವಹಾರದ ಮಾತು ಬಂದರೆ ರೇಡಿಯೋ ಕತ್ತಿಯನ್ನು ಮೇಲೆತ್ತಿ, ಪಕ್ಕಕ್ಕಿಟ್ಟು, ಗಿರಾಕಿಯ ಮುಖ ಒರೆಸಿ, ಎದುರಿಗೆ ಬಂದು ನಿಂತು ಕೇಳುತ್ತಿದ್ದ. ಬೇಡ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ.

ಆಗಲೂ ನಾವೆಲ್ಲ ಹ್ಞೂಂ ಎಂದೇ ಅನ್ನುತ್ತಿದ್ದೆವು.