ನಾಲ್ಕು ಗಂಟೆಗೆ ಉಕ್ಕುವ ಹಳ್ಳ

ಹಳ್ಳಗಳ ಜಲಾನಯನ ಯೋಜನೆ ತಯಾರಿಸುವುದು ನನ್ನ ಉದ್ಯೋಗ. ಅಳೆಯುವುದರಲ್ಲಿ ನಾನು ನಿಪುಣ. ಅಳೆಯುತ್ತಿರುವುದು ಏನನ್ನು ಎಂಬುದು ಮಾತ್ರ ಪ್ರತಿ ಸಲವೂ ತಡವಾಗಿ ತಿಳಿಯುತ್ತದೆ. ಹೋದ ವರ್ಷ ಹಂದನಕೆರೆ ಕಡೆಯ ಹಳ್ಳಿಯೊಂದು ನನ್ನ ಪಾಲಿಗೆ ಬಂತು. ಅಲ್ಲಿನ ಹಳ್ಳಕ್ಕೆ ಮಂಜೂರಾಗಿದ್ದು ಒಂದೇ ಚೆಕ್ ಡ್ಯಾಂ. ಅದನ್ನು ಮೇಲೆ ಬಂಡೆಯ ಹತ್ತಿರ ಕಟ್ಟಬೇಕೋ, ಕೆಳಗೆ ತಿರುವಿನಲ್ಲೋ? ಜಾಗ ತಪ್ಪಿದರೆ ಬೇಸಗೆಯಲ್ಲಿ ತೆಂಗಿನ ತೋಟಗಳಿಗೆ ನೀರಿಲ್ಲ. ವಿಜ್ಞಾನವೂ ಇರಬೇಕು, ಜನರೂ ಇರಬೇಕು ಎಂದು ಮೇಲಿನವರ ಆದೇಶ. ವಿಜ್ಞಾನ ಎಂದರೆ ನಾನು ಎಂದುಕೊಂಡು ಹೊರಟೆ.

೧. ಮಳೆ

ಮಳೆ ಅಳೆಯುವ ಡಬ್ಬಿಯನ್ನು ಒಬ್ಬ ಅಜ್ಜಿಯ ತೋಟದಲ್ಲಿ ನೆಟ್ಟೆ. ಮೊದಲ ಮೂರು ಸೋಮವಾರ ಡಬ್ಬಿ ಒಣಗಿತ್ತು. ಆಮೇಲೆ ಪ್ರತಿ ಸೋಮವಾರ ತಪ್ಪದೆ ಎರಡು ಬೆರಳು ನೀರು. ಪಕ್ಕದ ಊರಲ್ಲಿ ಬರೀ ಧೂಳು. ಒಂದೇ ತೋಟದ ಮೇಲೆ ಸುರಿಯುವ ಈ ಮಳೆಯ ಬಗ್ಗೆ ಎರಡು ಪುಟ ಬರೆದು ಮೇಲಕ್ಕೆ ಕಳಿಸಿದೆ. ಕಳಿಸಿದ ಮೇಲೆ ಅಜ್ಜಿಯನ್ನು ಕೇಳಿದೆ, “ಮಳೆ ಯಾವ ಹೊತ್ತಿಗೆ ಬರುತ್ತೆ ಅಜ್ಜಿ?”

“ನೀನು ಬರೋಕೆ ಸ್ವಲ್ಪ ಮುಂಚೆ ಕಣಪ್ಪ. ಅಷ್ಟು ದೂರದಿಂದ ಬಂದು, ಡಬ್ಬಿ ನೋಡಿ ಮಕ ಸಣ್ಣ ಮಾಡ್ಕೊಂಡು ಹೋಯ್ತಿದ್ದೆ. ನೋಡಕ್ಕಾಗ್ದೆ ಚೊಂಬಲ್ಲಿ ನಾನೇ ಒಂದಿಷ್ಟು ಉಯ್ತಿದ್ದೆ.”

೨. ನಕ್ಷೆ

ಊರಿನ ನಕ್ಷೆಯನ್ನು ಊರಿನವರೇ ನೆಲದ ಮೇಲೆ ಬಿಡಿಸಬೇಕು ಎಂಬುದು ಕ್ರಮ. ಪಂಚಾಯ್ತಿ ಅಂಗಳದಲ್ಲಿ ಹಳ್ಳಕ್ಕೆ ಬೂದಿ, ತೋಟಕ್ಕೆ ತೆಂಗಿನ ಮಟ್ಟೆ, ಹೊಲಕ್ಕೆ ರಾಗಿ. ರಾಗಿ ನನ್ನ ಸಲಹೆ. ಫೋಟೊ ಊಟವಾದ ಮೇಲೆ ತೆಗೆಯೋಣ ಎಂಬುದೂ ನನ್ನದೇ. ಮುದ್ದೆ ಮುಗಿಸಿ ಬರುವಷ್ಟರಲ್ಲಿ ಊರಿನ ಹೊಲವನ್ನೆಲ್ಲ ಕೋಳಿಗಳು ತಿಂದು ಮುಗಿಸಿದ್ದವು.

“ಇರ್ಲಿ ಬುಡಿ ಸಾರ್,” ಎಂದರು ನಕ್ಷೆ ಬಿಡಿಸಿದ ರೈತರು. “ಅಲ್ಲಿ ಹೊಲ್ದಲ್ಲಿ ನವಿಲು ತಿಂತವೆ, ಇಲ್ಲಿ ಕೋಳಿ. ನಕ್ಷೆ ಸರಿಯಾಗೇ ಐತೆ.”

೩. ಸೆಲೆ

ಕೊನೆಗೆ ಯಂತ್ರವನ್ನೇ ನಂಬಿದೆ. ತಿರುವಿನಲ್ಲಿದ್ದ ಸಣ್ಣ ಮಡುವಿಗೆ, ನೀರಿನ ಮಟ್ಟವನ್ನು ತಾನೇ ದಾಖಲಿಸಿಕೊಳ್ಳುವ ಸೆನ್ಸರ್ ಇಳಿಸಿದೆ. ನೀರು ದಿನವೂ ಸಂಜೆ ನಾಲ್ಕಕ್ಕೆ ನಾಲ್ಕು ಬೆರಳು ಏರಿ, ಐದಕ್ಕೆ ಇಳಿಯುತ್ತಿತ್ತು. ಮೇಲೆ ಬಂಡೆಯ ಬುಡದಲ್ಲಿ ಗುಪ್ತ ಸೆಲೆಯೊಂದಿದೆ, ಸಂಜೆ ಉಕ್ಕಿ ಮಡುವಿಗೆ ಹರಿಯುತ್ತದೆ, ಚೆಕ್ ಡ್ಯಾಂ ಬಂಡೆಯ ಹತ್ತಿರವೇ ಆಗಲಿ ಎಂದು ಗ್ರಾಮಸಭೆಯಲ್ಲಿ ಗ್ರಾಫ್ ತೋರಿಸಿ ಅರ್ಧ ಗಂಟೆ ವಿವರಿಸಿದೆ. ಸಭೆ ತಲೆದೂಗಿತು. ಅಜ್ಜಿ ಎದ್ದು ನಿಂತರು.

“ನಾಲ್ಕು ಗಂಟೆಗೆ ನಮ್ಮೆಮ್ಮೆಗಳು ಮಡುವಿಗೆ ಇಳೀತವೆ ಕಣಪ್ಪ. ಐದಕ್ಕೆ ಹಾಲು ಕರೆಯೋಕೆ ಹೊಡ್ಕೊಂಡು ಬತ್ತೀನಿ.”

ನಾನು ಗ್ರಾಫ್ ನೋಡಿದೆ. “ಹೋದ ಗುರುವಾರ ಎರಡೇ ಬೆರಳು ಏರಿದೆಯಲ್ಲ ಅಜ್ಜಿ?”

“ಅವತ್ತು ದೊಡ್ಡೆಮ್ಮೆ ಈಯ್ತು. ಕೊಟ್ಟಿಗೇಲೇ ಇತ್ತು.” ಅಜ್ಜಿ ಸಭೆಯ ಕಡೆ ತಿರುಗಿದರು. “ಬ್ಯಾಸ್ಗೇಲಿ ಬಂಡೆ ತಾವ ಹನಿ ನೀರಿರಲ್ಲ. ಮಡುವಲ್ಲಿ ಯುಗಾದಿ ಕಳೆದ್ರೂ ಇರ್ತದೆ. ಇಲ್ದಿದ್ರೆ ಎಮ್ಮೆ ಯಾಕೆ ಅಲ್ಲಿಗೆ ಹೋದಾವು?”

ಚೆಕ್ ಡ್ಯಾಂ ತಿರುವಿನಲ್ಲೇ ಎಂದು ತೀರ್ಮಾನವಾಯಿತು. ವರದಿಯಲ್ಲಿ ಎರಡು ಕಲಂ ಉಳಿದಿದ್ದವು: ವೈಜ್ಞಾನಿಕ ಅಳತೆ ನಡೆಸಿದವರು ಯಾರು, ಜನರ ಪರವಾಗಿ ಹಾಜರಿದ್ದವರು ಯಾರು. ಮೊದಲನೆಯದರಲ್ಲಿ ಪ್ರಾಮಾಣಿಕವಾಗಿ ಎಮ್ಮೆಗಳನ್ನು ನಮೂದಿಸಿ, ಎರಡನೆಯದರಲ್ಲಿ ನಾನು ಸಹಿ ಮಾಡಿದೆ.