ಏಳನೆಯ ನೀರು

ಬೆಳಿಗ್ಗೆಯೇ ಬಕೆಟ್ಟಿನ ನೀರು ಕೆಂಪಾದದ್ದನ್ನು ಕಂಡು ಟೈಲರ್ ಮಾವನ ಮುಖ ಅದಕ್ಕಿಂತ ಕೆಂಪಾಯಿತು.

"ಬಣ್ಣ ಬಿಡಲ್ಲ ಅಂತ ಆಣೆ ಹಾಕಿದ್ನಲ್ಲ ಆ ಬಟ್ಟೆ ಅಂಗಡಿಯವ್ನು! ಬಾಯೋ ಬಚ್ಚಲೋ ಅದು?"

ಮೊಮ್ಮಗುವಿಗೆ ಕೆಂಪು ಬಿಳಿ ತುಂಡುಗಳ ಪುಟ್ಟ ಕೌದಿ ಹೊಲಿಯಬೇಕಿತ್ತು. ಸಂಜೆ ಮಗುವನ್ನೆತ್ತಿಕೊಂಡು ಬೀಗಿತ್ತಿ ಬರುವವರಿದ್ದರು. ಹೋದ ಸಲ ಇವರು ಹೊಲಿದುಕೊಟ್ಟ ಅಂಗಿ ಆಕೆಯ ಬಿಳಿ ಹಾಸಿಗೆಗೆಲ್ಲ ಬಣ್ಣ ಬಿಟ್ಟಿತ್ತು. ಆಕೆ ಬಂಧುಬಳಗಕ್ಕೆಲ್ಲ ಡಂಗುರ ಸಾರಿದ್ದರು. ರೇಗಿಹೋದ ಮಾವ ಎಲ್ಲರೆದುರು, "ಇನ್ನೊಂದ್ಸಲ ನಾನು ಹೊಲಿದದ್ದು ಬಣ್ಣ ಬಿಟ್ರೆ ನನ್ನ ಸೂಜಿ ನಿಮ್ಮ ಕೈಗೆ ಕೊಟ್ಟು ಕಸುಬು ಬಿಡ್ತೀನಿ" ಎಂದುಬಿಟ್ಟಿದ್ದರು. ಈಗ ಮೂವತ್ತು ವರ್ಷದ ಮಾನ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

ಮೂರನೆಯ ನೀರು ಚರಂಡಿಯಲ್ಲಿ ಹರಿದಾಗ ಮೇಲಿನ ಮನೆಯ ಅಜ್ಜಿ ಕಿಟಕಿಯಿಂದ ಕಿರುಚಿದರು.

"ಅಯ್ಯೋ, ಯಾರನ್ನ ಏನ್ ಮಾಡಿದ್ಯೋ?"

"ಇನ್ನೂ ಯಾರನ್ನೂ ಏನೂ ಮಾಡಿಲ್ಲ ಅಜ್ಜಿ. ಅಂಗಡಿ ಬಾಗಿಲು ತೆಗೀಲಿ!"

ಅಜ್ಜಿ ಬಿಸಿನೀರು ಹಾಕು ಎಂದರು. ಎದುರಿನ ಇಸ್ತ್ರಿಯವನು ತಣ್ಣೀರಿಗೆ ಉಪ್ಪು ಹಾಕಿ ಎಂದ. ಇಬ್ಬರದೂ ನಡೆಯಿತು. ಐದನೆಯ ನೀರೂ ಕೆಂಪಗೆ ಹಲ್ಲು ಕಿರಿಯಿತು. ಮಾವ ತೊಟ್ಟಿಕ್ಕುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೇ ನುಗ್ಗಿದರು.

"ನೋಡ್ರಪ್ಪಾ ಎಲ್ರೂ! ಇದು ಬಟ್ಟೆಯಲ್ಲ, ಬರೀ ಮೋಸ!"

ಗಿರಾಕಿಗಳು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಅಂಗಡಿಯವನು ಕೈ ಮುಗಿದ.

"ಅಣ್ಣಾ, ಕೂಗ್ಬೇಡಿ. ಇನ್ನೆರಡು ನೀರಿಗೆ ನಿಂತೇ ನಿಲ್ಲುತ್ತೆ. ತಗೊಳ್ಳಿ, ಹೊಲಿಗೆಗೆ ಈ ಕೆಂಪು ದಾರದ ಉಂಡೆ, ನನ್ನ ಕಡೆಯಿಂದ. ದಯವಿಟ್ಟು ಮನೆಗೆ ಹೋಗಿ."

ದಬಾಯಿಸಿದರೆ ಮಾತ್ರ ಜಗತ್ತು ಬಗ್ಗುತ್ತದೆ ಎಂದುಕೊಂಡು ಮಾವ ಉಂಡೆಯನ್ನು ಜೇಬಿಗಿಳಿಸಿದರು. ಅವನ ಮಾತೂ ನಿಜವಾಯಿತು. ಏಳನೆಯ ನೀರು ತಿಳಿಯಾಗಿ ಬಂತು. ಆದರೂ ನಂಬದೆ ಬಿಳಿ ಬಟ್ಟೆ, ಒಳಪದರ, ಅಂಚಿನ ಪಟ್ಟಿ ಎಲ್ಲವನ್ನೂ ತೊಳೆದು ಒಣಗಿಸಿದರು. ಊಟ ಬಿಟ್ಟು ಕೂತು, ಬಿಳಿ ಚೌಕಗಳ ಮೇಲೆ ಕೆಂಪು ದಾರದ ಸಾಲು ಸಾಲು ಹೊಲಿಗೆ ಹಾಕಿ, ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡರು.

ಸಂಜೆ ಬೀಗಿತ್ತಿ ಕನ್ನಡಕವೇರಿಸಿ ಕೌದಿಯನ್ನು ಹಿಂದೆ ಮುಂದೆ ತಿರುಗಿಸಿದರು.

"ಚೆನ್ನಾಗಿದೆ ಬೀಗರೇ. ಆದ್ರೆ ಬಣ್ಣ?"

"ಏಳು ನೀರು ಕಂಡ ಬಟ್ಟೆ ಇದು! ಬೇಕಾದ್ರೆ ಒದ್ದೆ ಮಾಡಿ ನೋಡಿ!"

ಆ ಕೆಲಸವನ್ನು ಮೊಮ್ಮಗುವೇ ವಹಿಸಿಕೊಂಡಿತು. ಕೌದಿಯ ಮೇಲೆ ಮಲಗಿಸಿದ ಎರಡೇ ನಿಮಿಷಕ್ಕೆ ಧಾರಾಳವಾಗಿ ನೆನೆಸಿಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿ, ಇಸ್ತ್ರಿಯವನು ಸಹಿತ ಎಲ್ಲರೂ ಬಗ್ಗಿ ನೋಡಿದರು. ಕೆಂಪು ಬಟ್ಟೆ ಒಂದು ಹನಿಯೂ ಬಣ್ಣ ಬಿಟ್ಟಿರಲಿಲ್ಲ. ಮಾವ ಎದೆಯುಬ್ಬಿಸಿದರು.

"ಮತ್ತೆ ಇದೇನ್ರೀ?" ಎಂದರು ಹೆಂಡತಿ.

ಬಿಳಿ ಚೌಕಗಳ ಮೇಲೆ ಒಂದೊಂದು ಹೊಲಿಗೆಯಿಂದಲೂ ಕೆಂಪು ಹರಡುತ್ತಿತ್ತು. ಎಲ್ಲವನ್ನೂ ತೊಳೆದಿದ್ದ ಮಾವ ಬಿಟ್ಟಿ ಬಂದ ದಾರವನ್ನು ಮಾತ್ರ ನೀರಿಗೆ ಅದ್ದಿರಲಿಲ್ಲ.

"ಆ ಅಂಗಡಿಯವ್ನನ್ನ..." ಎಂದು ಮಾವ ಚಪ್ಪಲಿ ಹುಡುಕತೊಡಗಿದರು.

"ಅಂಗಡಿಗೆ ಆಮೇಲೆ ಹೋಗುವಿರಂತೆ," ಎಂದು ಬೀಗಿತ್ತಿ ಅವರ ಕಾಲರಿನತ್ತ ಅಂಗೈ ಚಾಚಿದರು. "ಮೊದ್ಲು ಸೂಜಿ ಕೊಡಿ ಬೀಗರೇ."